ಮನೆ ಸಿಗದ ಹಾಲು

ನಮ್ಮ ಊರಿನಲ್ಲಿ ಹಲ್ಲು ಕೀಳಿಸಿಕೊಳ್ಳುವವರು ಮೊದಲು ಬೀದಿಗೆ ಹೇಳಿ ಹೋಗಬೇಕು. ಹೇಳದೆ ಹೋದರೆ ಕ್ಷೌರ ಮಾಡುತ್ತಿರುವವನ ಕತ್ತಿ ಜಾರುತ್ತದೆ, ಸಾರು ಬಡಿಸುತ್ತಿರುವವಳ ಕೈಯಿಂದ ಸೌಟು ಬೀಳುತ್ತದೆ, ಆಮೇಲೆ ವಾರಗಟ್ಟಲೆ ಬೈಗುಳ. ಚರ್ಚು ಬೀದಿಯಲ್ಲಿ ಒಬ್ಬರಿಗೆ ನೋವಾದರೆ ಬೀದಿಗೆಲ್ಲ ಅದರಲ್ಲಿ ಒಂದೊಂದು ಪಾಲು. ಚರ್ಚಿನ ಬಾಗಿಲಲ್ಲಿರುವ ಕಲ್ಲುತೊಟ್ಟಿಯ ನೀರಿನಲ್ಲಿ ಯಾರ್ಯಾರಿಗೆ ಜ್ಞಾನಸ್ನಾನವಾಗಿದೆಯೋ ಅವರೆಲ್ಲ ಒಂದು ಪಾಲಿನವರು. ಪೇಟೆಯ ಮುಸಲ್ಮಾನರಿಗೆ ಮಸೀದಿಯ ಕೊಳ, ನೇಕಾರಗೇರಿಯವರಿಗೆ ಅವರ ಬಾವಿ. ಊರಾಚೆಯ ಕಲ್ಲುಸೇತುವೆ ದಾಟಿದರೆ ಮಾತ್ರ ಇದೆಲ್ಲ ಮುಗಿಯಿತು. ಬಸ್ಸು ಆ ತುದಿ ಮುಟ್ಟುತ್ತಿದ್ದಂತೆ ನಮ್ಮ ತಲೆನೋವು ಇಡಿಯಾಗಿ ನಮಗೇ ಬರುತ್ತದೆ. ಮೊದಲ ಸಲ ಹೋಗುವವರು ಸತ್ತೇ ಹೋದೆ ಎಂದು ಕೂಗಿಕೊಳ್ಳುವುದೂ ಉಂಟು.

ನಾನು ಸಿಂಗರಾಯ. ಚರ್ಚಿನ ಗೇಟಿಗೆ ಅಂಟಿಕೊಂಡಿರುವ ಹೊಲಿಗೆ ಅಂಗಡಿ ನನ್ನದು. ಗುರುಗಳ ಪೂಜಾವಸ್ತ್ರ, ಸಿಸ್ಟರುಗಳ ನಿಲುವಂಗಿ ಎಲ್ಲ ನನ್ನ ಮಿಷನ್ನಿನ ಕೆಳಗೇ ಹಾಯಬೇಕು. ಆದರೆ ಈ ಕಥೆ ನನ್ನದಲ್ಲ, ನನ್ನ ಸೋದರತ್ತೆಯದು. ಊರಿನವರಿಗೆ ಅವರು ಮದರ್ ಪೆರ್ಪೇತುವಾ, ಕಾನ್ವೆಂಟ್ ಆಸ್ಪತ್ರೆಯ ಹಿರಿಯ ಕನ್ಯಾಸ್ತ್ರೀ. ಹೆರಿಗೆ ಮಾಡಿಸಲು ಬಗ್ಗಿ ಬಗ್ಗಿ ಅವರ ಬೆನ್ನು ಯಾವತ್ತೋ ಕೆಟ್ಟಿತ್ತು. ಹಗಲೆಲ್ಲ ಓಡಾಡಿಕೊಂಡಿದ್ದಾಗ ಗೊತ್ತಾಗುತ್ತಿರಲಿಲ್ಲ. ಸಂಜೆ ವಾರ್ಡು ಸುತ್ತಿ ಬಂದು ಕುರ್ಚಿಯಲ್ಲಿ ಕೂತರೆ ಸಾಕು, ಬೀದಿಯವರೆಲ್ಲರ ಬೆನ್ನಿನಲ್ಲೂ ಚಳುಕು. ‘ಮದರ್ ಕೂತರು’ ಎಂದುಕೊಂಡು ಹೆಂಗಸರು ದೀಪ ಹಾಕುತ್ತಿದ್ದರು, ನಾನು ಮಿಷನ್ನಿಗೆ ಮುಚ್ಚಳ ಹಾಕುತ್ತಿದ್ದೆ.

ಹೆರಿಗೆಯ ನೋವಿಗೆ ಬೇರೆಯದೇ ಮರ್ಯಾದೆ. ಎಷ್ಟು ಹಂಚಿದರೂ ಸೊಂಟ ಹಿಡಿದುಕೊಳ್ಳುವಷ್ಟು ಉಳಿಯುತ್ತದೆ, ಗಂಡಸರನ್ನೂ ಬಿಡುವುದಿಲ್ಲ. ಬೀದಿಗೆ ಸೊಂಟ ಹಿಡಿದ ಕೂಡಲೇ ಚರ್ಚಿನ ಗಂಟೆ ಹೊಡೆಯಬೇಕು, ಬೆಲ್ಲದ ಹಾಲು ಕಾಯಿಸಿ ಬಾಣಂತಿಗೆ ಒಯ್ಯಬೇಕು. ಹಾಲಿನ ಕೆಲಸವನ್ನು ನನ್ನ ಹೆಂಡತಿ ಅಗ್ನೇಸಮ್ಮ ಯಾರಿಗೂ ಬಿಟ್ಟುಕೊಡುವುದಿಲ್ಲ. ಒಮ್ಮೊಮ್ಮೆ ಹೆತ್ತವಳ ಮನೆ ಯಾವುದೆಂದು ಗೊತ್ತಾಗುವುದಿಲ್ಲ. ಆಗ, ತೋಟದ ಕಡೆಯ ಒಂಟಿಮನೆಯವಳು ಯಾರೋ ಇರಬೇಕೆಂದು ಹಾಲನ್ನು ಮಾತೆ ಮರಿಯಮ್ಮನ ಗವಿಯಲ್ಲಿ ಇಟ್ಟು ಬರುವುದು ರೂಢಿ. ಹಾಗೆ ಇಟ್ಟು ಬಂದದ್ದು ಎಷ್ಟೋ ಸಲ. ಅದಕ್ಕಾಗಿ ಯಾರೂ ತಲೆ ಕೆಡಿಸಿಕೊಂಡವರಲ್ಲ.

ಯಾವ ನೀರಿಗೂ ಸೇರದವರೂ ಊರಿನಲ್ಲಿದ್ದರು. ದೂರದಿಂದ ಕಲ್ಲುಕ್ವಾರಿಗೆ ಕೂಲಿಗೆ ಬಂದವರು. ಅವರಿಗೆ ನೋವಾದರೆ ಅದು ಅವರಿಗಷ್ಟೆ. ತಿಪ್ಪೇಶಿ ಎನ್ನುವವನ ಕಾಲಿನ ಮೇಲೆ ಬಂಡೆ ಉರುಳಿ, ಮೂಳೆ ಪುಡಿಯಾಗಿ, ಅವನನ್ನು ಅತ್ತೆಯ ಆಸ್ಪತ್ರೆಗೆ ಹೊತ್ತು ತಂದರು. ಇಂಜೆಕ್ಷನ್ನಿನ ಅಮಲು ಇಳಿದರೆ ಅವನು ಕಿರುಚುವುದು ನನ್ನ ಅಂಗಡಿಗೆ ಕೇಳಿಸುತ್ತಿತ್ತು. ಹಂಚಿಕೊಂಡು ಬದುಕುವ ನಮಗೆ ಅಂಥ ಕಿರುಚಾಟ ಕೇಳಿ ಅಭ್ಯಾಸವಿಲ್ಲ. ನಾವು ಕಿಟಕಿ ಹಾಕಿಕೊಂಡೆವು, ನಾಚಿಕೆಯನ್ನೂ ಪಟ್ಟೆವು. ಆಸ್ಪತ್ರೆಯ ಸಿಸ್ಟರೊಬ್ಬರು, ‘ಅವನಿಗೆ ಜ್ಞಾನಸ್ನಾನ ಕೊಡಿಸಿಬಿಡೋಣ ಮದರ್, ನಮ್ಮ ಪಾಲಿಗೆ ಬರ್ತಾನೆ’ ಎಂದರಂತೆ. ಅತ್ತೆ ಕೆಂಡವಾದರಂತೆ. ‘ಕಾಲು ನೋಯ್ತಿರೋನ ಹತ್ರ ಹೋಗಿ ದೇವರನ್ನ ಮಾರ್ತೀಯೇನೇ?’ ಎಂದು ಬೈದರಂತೆ.

ಆ ದಿನಗಳಲ್ಲೇ ಪುರಸಭೆಯ ಅಧ್ಯಕ್ಷೆ ಹೊನ್ನಾಂಬ ಊರಪಾಲಿನ ಮಾತು ತೆಗೆದದ್ದು. ಒಂದೊಂದು ಬೀದಿಯವರೂ ತಮ್ಮ ತಮ್ಮ ನೀರನ್ನು ಒಂದು ಬಿಂದಿಗೆ ತಂದು ಊರಿನ ಟ್ಯಾಂಕಿಗೆ ಸುರಿಯಬೇಕು. ಆ ನೀರು ಕುಡಿದವರೆಲ್ಲ ಒಂದೇ ಪಾಲು, ಕ್ವಾರಿಯವರೂ ಸೇರಿ. ಯಾರಿಗೆ ಏನೇ ಆದರೂ ಊರಿಗೆಲ್ಲ ಇರುವೆ ಕಚ್ಚಿದಷ್ಟು. ಮಸೀದಿಯವರು ಒಪ್ಪಿದರು, ನೇಕಾರಗೇರಿಯವರು ಗೊಣಗಿಕೊಂಡು ಒಪ್ಪಿದರು. ಊರಿನಲ್ಲಿ ದೊಡ್ಡ ಬೀದಿ ನಮ್ಮದು. ನಮ್ಮ ತೊಟ್ಟಿಯ ನೀರು ಬೀಳದಿದ್ದರೆ ಊರಪಾಲು ಹುಟ್ಟುವುದೇ ಇಲ್ಲ.

ತೊಡಕಾದದ್ದು ಪುರಸಭೆ ಆಸ್ಪತ್ರೆಯ ಹಿಂದಿನ ಕೋಣೆ. ಅಲ್ಲಿ ಗರ್ಭ ತೆಗೆಯುತ್ತಾರೆ. ಕಾನೂನು ಒಪ್ಪಿದ ಕೆಲಸ, ಬಾಗಿಲಿಗೆ ಬೋರ್ಡಿಲ್ಲ, ಆದರೂ ಎಲ್ಲರಿಗೂ ಗೊತ್ತು. ನೀರು ಒಂದಾದರೆ ಆ ಕೋಣೆಯ ನೋವಿನಲ್ಲೂ ನಮಗೆ ಪಾಲು. ಇದನ್ನು ಮೊದಲು ಎತ್ತಿದವರು ನಮ್ಮ ಗುರುಗಳು, ಗಸ್ಪಾರ್ ಸ್ವಾಮಿ. ಅವರೂ ಇದೇ ಬೀದಿಯಲ್ಲಿ ಹುಟ್ಟಿದವರು, ಅತ್ತೆಯ ಓರಗೆಯವರು, ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಜಪ ಕಲಿತವರು. ಸ್ವಾಮಿಗಳು ಹೊನ್ನಾಂಬನ ಹತ್ತಿರ ಹೋಗಿ, ಆ ಕೋಣೆ ಒಂದನ್ನು ಬಿಟ್ಟು ಉಳಿದದ್ದಕ್ಕೆ ಒಪ್ಪುತ್ತೇವೆ ಎಂದರು. ಆಕೆ, ‘ನೀರನ್ನ ಹೇಗೆ ಸೋಸೋದು ಸ್ವಾಮಿಗಳೇ, ನೀವೇ ಹೇಳಿಕೊಡಿ’ ಎಂದರಂತೆ. ಸ್ವಾಮಿಗಳು ತಮ್ಮ ಮೇಲಿನವರಾದ ಮೇತ್ರಾಣಿಗಳ ಬಳಿ ಹೋಗಿ ಕೇಳಿ ಬಂದರು. ಮೇತ್ರಾಣಿಗಳು ಇರುವುದು ಸೇತುವೆಯ ಆಚೆ, ಅವರ ಹಲ್ಲುನೋವು ಅವರಿಗೇ. ತೊಟ್ಟಿಯ ನೀರು ಕೊಡಬಾರದು ಎಂದು ಅವರು ಹೇಳಿ ಕಳಿಸಿದರು. ಆದರೆ ಆ ತೊಟ್ಟಿ ಹಿಂದಿನಿಂದಲೂ ಬೀದಿಯದು, ಕೊಡುವುದು ಬಿಡುವುದು ಬೀದಿ ಸೇರಿ ತೀರ್ಮಾನಿಸಬೇಕು. ಭಾನುವಾರ ಪೂಜೆಯಾದ ಮೇಲೆ ಎಲ್ಲರೂ ಕೂರುವುದೆಂದಾಯಿತು. ಮದರ್ ಏನು ಹೇಳುತ್ತಾರೋ ಬೀದಿ ಅದರ ಹಿಂದೆ ಹೋಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು, ಮದರ್‌ಗೂ ಗೊತ್ತಿತ್ತು.

ಅದಕ್ಕೆ ಮುಂಚಿನ ದಿನ ಅತ್ತೆ ತೋಳು ಹರಿದ ನಿಲುವಂಗಿ ಹೊಲಿಸಲು ನನ್ನ ಅಂಗಡಿಗೆ ಬಂದಿದ್ದರು. ಅವರಿಗಾಗಿಯೇ ಕಾದಿದ್ದವರ ಹಾಗೆ ಸ್ವಾಮಿಗಳೂ ಬಂದು ನಿಂತರು. ನಾನು ಮಿಷನ್ ತುಳಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅವರು ಮಾತು ನಿಲ್ಲಿಸುತ್ತಿದ್ದರು.

‘ಮದರ್, ಪಾಲು ಹೊತ್ತೋರು ಆ ಕೆಲಸಕ್ಕೂ ಪಾಲುದಾರರಲ್ವಾ?’ ಎಂದರು ಸ್ವಾಮಿಗಳು.

‘ನೋವಿಗೆ ಪಾಲುದಾರರು. ಮಾಡಿದ್ದಕ್ಕಲ್ಲ.’

‘ಅಲ್ಲಿ ಹೋಗೋ ಕೂಸಿನ ನೋವನ್ನ ಯಾವ ಬೀದಿ ಹೊರುತ್ತೆ? ಅದಕ್ಕೆ ತೊಟ್ಟಿ ಇಲ್ಲ, ಹೆಸರಿಲ್ಲ. ಅದರ ಪರವಾಗಿ ಬೇಡ ಅನ್ನೋಕೆ ಊರಲ್ಲಿ ಇರೋದು ನಾವಷ್ಟೇ. ತಾಯಿ ನೋವನ್ನ ನಾವೇ ಹಂಚಿಕೊಂಡು ಹಗುರ ಮಾಡಿದ್ರೆ ಆ ಬಾಗಿಲು ಇನ್ನಷ್ಟು ಸಲೀಸಾಗುತ್ತೆ. ಅದನ್ನ ನನ್ನ ಕೈಯಾರೆ ಮಾಡು ಅಂತೀರಾ?’

ಸ್ವಾಮಿಗಳು ಹಟಕ್ಕೆ ಆಡುತ್ತಿದ್ದ ಮಾತಲ್ಲ ಅದು, ನಿಜವಾಗಿ ಸಂಕಟಪಡುತ್ತಿದ್ದರು. ಅತ್ತೆ ಹರಿದ ತೋಳನ್ನು ಮಿಷನ್ನಿನ ಕಡೆ ಸರಿಸಿದರು.

‘ಆ ಕೂಸು ಕೂಸೇ ಸ್ವಾಮಿ. ಅದರಲ್ಲಿ ನನಗೂ ನಿಮಗೂ ಎರಡು ಮಾತಿಲ್ಲ. ಹೆರಿಗೆ ಮಾಡ್ಸೋಳಿಗೆ ಅದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ರೆ ತಾಯಿಗೆ ನೋವಿನ ಹೆದರಿಕೆ ಹಾಕಿ ಕೂಸನ್ನ ಉಳಿಸೋ ವಿದ್ಯೆ ನನಗೆ ಬರಲ್ಲ.’ ಆಮೇಲೆ ಕೇಳಿದರು: ‘ತಿಪ್ಪೇಶಿ ಕಿರುಚೋದು ನಿಮ್ಮ ಬಂಗ್ಲೆಗೆ ಕೇಳ್ಸುತ್ತಾ?’

‘ಕೇಳ್ಸುತ್ತೆ.’

‘ನಿದ್ದೆ ಬರುತ್ತಾ?’

ಸ್ವಾಮಿಗಳು ಇಲ್ಲವೆಂದು ತಲೆಯಾಡಿಸಿದರು. ಹೊರಡುವಾಗ ಬಾಗಿಲ ಬಳಿ ನಿಂತು, ‘ನಾಳೆ ನೀವು ಹೂಂ ಅಂದ್ರೆ ಆಸ್ಪತ್ರೆ ನಿಮ್ಮ ಕೈಲಿ ಉಳಿಯಲ್ಲ. ನಿಮ್ಮನ್ನ ಸೇತುವೆ ಆಚೆ ಹಾಕ್ತಾರೆ. ನಾನು ಕಾಲು ಹಿಡಿದ್ರೂ ತಡೆಯೋಕಾಗಲ್ಲ’ ಎಂದರು. ಬೆದರಿಕೆಯ ದನಿಯಲ್ಲ, ತಂಗಿಗೆ ಹೇಳುವ ದನಿ.

ಅವರು ಹೋದ ಮೇಲೆ ಅತ್ತೆ ನನ್ನ ಸ್ಟೂಲಿನ ಮೇಲೆ ಕೂತರು. ಕೂತ ತಕ್ಷಣ ನನ್ನ ಬೆನ್ನು ಚಳಕ್ ಎಂದಿತು. ‘ಸಿಂಗ್ರಾಯ, ಆ ಆಸ್ಪತ್ರೆ ಬಿಟ್ರೆ ನನಗೆ ಬೇರೆ ಏನಿದೆ ಹೇಳು. ನಾಳೆ ಬಾಯಿಗೆ ಏನು ಬರುತ್ತೋ ನನಗೇ ಗೊತ್ತಿಲ್ಲ ಕಣೋ’ ಎಂದರು. ಸದಾ ಗದರಿಸುವ ನನ್ನ ಅತ್ತೆ ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಸ್ವಾಮಿಗಳು ಪೀಠದ ಮುಂದೆ ದಿವ್ಯಪ್ರಸಾದ ಎತ್ತಿ ಹಿಡಿದಿದ್ದಾರೆ, ನಾವೆಲ್ಲ ಮೊಣಕಾಲೂರಿ ತಲೆ ಬಗ್ಗಿಸಿದ್ದೇವೆ, ಆಗ ನೋವು ಬಂತು. ಹೊಟ್ಟೆಯ ಕೆಳಗಿಂದ ಹಿಂಡಿ ಸೊಂಟಕ್ಕೆ ಹಬ್ಬುವ ನೋವು. ಸಾಲುಸಾಲಾಗಿ ಕೈಗಳು ಸೊಂಟಕ್ಕೆ ಹೋದವು. ಸ್ವಾಮಿಗಳೂ ಒಂದು ಕೈಯಿಂದ ಪೀಠದ ಅಂಚು ಹಿಡಿದುಕೊಂಡದ್ದನ್ನು ನೋಡಿದೆವು. ಮುದುಕಿಯರು ಮುಖ ಅರಳಿಸಿ ಒಬ್ಬರನ್ನೊಬ್ಬರು ನೋಡಿದರು. ಯಾರೋ ಓಡಿಹೋಗಿ ಗಂಟೆ ಹೊಡೆದರು. ಪೂಜೆ ಮುಗಿಸುವಾಗ ಸ್ವಾಮಿಗಳು, ‘ನಮ್ಮ ಬೀದಿಗೆ ಬಂದ ಹೊಸ ಜೀವಕ್ಕಾಗಿ ದೇವರಿಗೆ ಸ್ತೋತ್ರ’ ಎಂದರು. ‘ಸ್ತೋತ್ರ’ ಎಂದು ನಾವೂ ಗಟ್ಟಿಯಾಗಿ ಹೇಳಿದೆವು. ಅಂಥ ದಿನದಲ್ಲೂ ಎಲ್ಲರ ಮನಸ್ಸು ಹಗುರವಾಗಿತ್ತು.

ಅಗ್ನೇಸಮ್ಮ ಮನೆಗೆ ಓಡಿ ಬೆಲ್ಲದ ಹಾಲು ಕಾಯಿಸಿಕೊಂಡು ಬಂದಳು. ಬಂದವಳು ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಬೀದಿಯಲ್ಲಿ ಬಸುರಿಯರಾದವರೆಲ್ಲ ಚರ್ಚಿನೊಳಗೇ ಇದ್ದರು. ಬಡಗಿ ಚೌರಪ್ಪನ ಸೊಸೆ ತುಂಬಿದ ಹೊಟ್ಟೆ ಹೊತ್ತು ಬೆಂಚಿನಲ್ಲಿ ಕೂತಿದ್ದಳು, ಉಳಿದವರು ಅವಳ ಅಕ್ಕಪಕ್ಕದಲ್ಲಿ. ತೋಟದ ಕಡೆಯವರೂ ಸಭೆಗೆಂದು ಅಂದು ಮನೆಗೆ ಬೀಗ ಹಾಕಿ ಬಂದಿದ್ದರು.

‘ಮನೆ ಸಿಗ್ತಿಲ್ಲ’ ಎಂದಳು ಅಗ್ನೇಸಮ್ಮ. ‘ಗವೀಲಿ ಇಟ್ಟು ಬರ್ತೀನಿ, ನೀವು ಸಭೆ ಶುರು ಮಾಡಿ.’

‘ಗವಿಗೆ ಬೇಡ’ ಎಂದರು ಅತ್ತೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅವರು ಎದ್ದು ನಿಂತಿದ್ದರು. ‘ನನ್ನ ಆಸ್ಪತ್ರೇಲಿ ಇವತ್ತು ಹೆರಿಗೆ ಇಲ್ಲ. ಹೆರೋ ಹೆಂಗಸರೆಲ್ಲ ಇಲ್ಲೇ ಇದ್ದಾರೆ. ಈ ನೋವು ಬಂದಿರೋದು ಹಿಂದಿನ ಕೋಣೆಯಿಂದ. ಅಲ್ಲಿ ಮಲಗಿರೋಳು ನಮ್ಮ ತೊಟ್ಟಿಯ ಹುಡುಗಿ.’

ನಾವು ಸ್ತೋತ್ರ ಹೇಳಿದ್ದು, ಗಂಟೆ ಹೊಡೆದದ್ದು ಎಲ್ಲ ನನಗೆ ಒಟ್ಟಿಗೇ ನೆನಪಾಯಿತು. ಹಿಂದಿನ ಸಾಲಿನಿಂದ ಒಂದು ಗಂಡಸಿನ ದನಿ, ‘ಯಾರವಳು?’ ಎಂದು ಕೇಳಿತು. ಹೆಂಗಸರು ತಲೆ ತಿರುಗಿಸಿ ಯಾರ ಮಗಳು ಬಂದಿಲ್ಲ ಎಂದು ಹುಡುಕತೊಡಗಿದರು.

‘ತಲೆ ಎಣಿಸಬೇಡಿ’ ಎಂದು ಅತ್ತೆ ಗದರಿಸಿದರು. ‘ಯಾರು ಅಂತ ಕೇಳಿದೋರ ಸೊಂಟ ಇನ್ನೂ ನೋಯ್ತಿದೆ. ಯಾರಾದ್ರೇನು?’

ಸ್ವಾಮಿಗಳು ಪೂಜಾವಸ್ತ್ರದಲ್ಲೇ ಕೆಳಗಿಳಿದು ಬಂದರು. ‘ನಿಮಗೆ ಮೊದಲೇ ಗೊತ್ತಿತ್ತಾ ಮದರ್?’

‘ಗವೀಲಿ ಇಟ್ಟ ಹಾಲನ್ನ ಎಷ್ಟು ಸಲ ಬೆಕ್ಕು ಕುಡಿದಿದೆ ಗಸ್ಪಾರ? ಪ್ರತಿ ಸಲವೂ ಗೊತ್ತಿತ್ತು. ಬಾಯಿ ಬಿಡ್ಲಿಲ್ಲ. ಬಿಟ್ಟಿದ್ರೆ ನೀವೆಲ್ಲ ಈಗ ಹುಡುಕಿದ ಹಾಗೆ ಹುಡುಕ್ತಿದ್ರಿ.’ ಚಿಕ್ಕಂದಿನಂತೆ ಅವರು ಸ್ವಾಮಿಗಳನ್ನು ಬರೀ ಹೆಸರು ಹಿಡಿದು ಕರೆದದ್ದನ್ನು ಯಾರೂ ತಪ್ಪು ಎನ್ನಲಿಲ್ಲ. ಅತ್ತೆ ಬೀದಿಯವರ ಕಡೆಗೆ ತಿರುಗಿದರು. ‘ನಾನು ಅದು ಪಾಪ ಅಲ್ಲ ಅಂತ ಹೇಳ್ತಿಲ್ಲ. ಇವತ್ತು ಒಂದು ಕೂಸು ಹೋಗಿದೆ, ಅದಕ್ಕೆ ಅಳೋರು ಅಳಿ, ನಾನೂ ಅಳ್ತೀನಿ. ಆದ್ರೆ ಆ ಕೋಣೆ ನೋವು ನಮ್ಮ ಮೈಗೆ ಬರಬಾರದು ಅಂತ ತಿಪ್ಪೇಶಿನ ಕಿರುಚೋಕೆ ಬಿಟ್ಟಿದ್ದೀವಲ್ಲ, ಆ ಕೋಣೆ ನೋವು ಆಗಲೇ ನಮ್ಮ ಮೈಯಲ್ಲಿದೆ. ನಾವು ಹೊತ್ತಿದ್ದೀವಿ, ಸತ್ತಿಲ್ಲ. ಗೋಡೆ ಮೇಲೆ ಶಿಲುಬೆ ಹಾದಿಯ ಚಿತ್ರ ಇದೆ, ನೋಡಿ. ಹೊಲದಿಂದ ಮನೆಗೆ ಹೋಗ್ತಿದ್ದ ಒಬ್ಬನ್ನ ಹಿಡಿದು ಬಲವಂತವಾಗಿ ಯೇಸುವಿನ ಶಿಲುಬೆ ಹೊರಿಸ್ತಿದ್ದಾರೆ. ಅವನೂ ಕೇಳಿ ಹೊತ್ತವನಲ್ಲ. ನೀರು ಕೊಡಿ ಅಂತ ನಾನು ಹೇಳ್ತೀನಿ. ಕೊಡೋದು ಬಿಡೋದು ನಿಮಗೆ ಸೇರಿದ್ದು.’

ಅಷ್ಟು ಹೇಳಿ ಅಗ್ನೇಸಮ್ಮನ ಕೈಯಿಂದ ಪಾತ್ರೆ ತೆಗೆದುಕೊಂಡು, ನಿಲುವಂಗಿಯ ತೋಳನ್ನು ಅಂಗೈಗೆ ಎಳೆದು ಹಿಡಿದು, ಹೊರಟೇಬಿಟ್ಟರು. ಮೆಟ್ಟಿಲಿಳಿದು ಪುರಸಭೆ ಆಸ್ಪತ್ರೆಯ ರಸ್ತೆಗೆ ತಿರುಗುವವರೆಗೂ ನಾವು ನೋಡಿದೆವು. ಬಿಳಿ ನಿಲುವಂಗಿಯ ಕನ್ಯಾಸ್ತ್ರೀಯೊಬ್ಬರು ಆ ರಸ್ತೆಯಲ್ಲಿ ಹೋದದ್ದನ್ನು ಊರು ಕಂಡಿರಲಿಲ್ಲ.

ಮೊದಲು ಬಡಗಿ ಚೌರಪ್ಪ ಎದ್ದು ಹೋಗಿ ತೊಟ್ಟಿಯ ಮರದ ಮುಚ್ಚಳ ಸರಿಸಿದ. ಯಾರೋ ಕೈ ಎತ್ತಿದರು, ಆಮೇಲೆ ಇನ್ನೂ ಹಲವರು. ಎತ್ತದವರೂ ಇದ್ದರು, ಅವರನ್ನು ಯಾರೂ ಒತ್ತಾಯ ಮಾಡಲಿಲ್ಲ. ಸ್ವಾಮಿಗಳು ಕೈ ಎತ್ತಲಿಲ್ಲ. ಬಿಂದಿಗೆ ತುಂಬುವಾಗ ಅಡ್ಡವೂ ಬರಲಿಲ್ಲ. ಪೀಠದ ಮೆಟ್ಟಿಲ ಮೇಲೆ ಕೂತು, ನಾನು ಹೊಲಿದ ಪೂಜಾವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಅಳುತ್ತಿದ್ದರು. ಹೋದ ಕೂಸಿಗೋ, ಅತ್ತೆಗೋ ನನಗೆ ತಿಳಿಯಲಿಲ್ಲ.

ಅತ್ತೆ ಹಿಂತಿರುಗಿದಾಗ ನಾನೂ ಅಗ್ನೇಸಮ್ಮನೂ ಅಂಗಡಿಯ ಬಾಗಿಲಲ್ಲಿದ್ದೆವು. ಖಾಲಿ ಪಾತ್ರೆಯನ್ನು ಅವಳ ಕೈಗೆ ಕೊಟ್ಟರು.

‘ಕುಡಿದ್ಲಾ?’ ಎಂದಷ್ಟೇ ಕೇಳಿದಳು ಅಗ್ನೇಸಮ್ಮ.

‘ಕುಡಿದ್ಲು.’ ಅತ್ತೆ ಗೋಡೆಗೆ ಒರಗಿದರು. ‘ನನ್ನ ಹತ್ರ ಯಾಕಮ್ಮ ಬರ್ಲಿಲ್ಲ, ನಾನು ನೋಡ್ಕೊಳ್ತಿದ್ನಲ್ಲ, ಕೂಸನ್ನೂ ನೋಡ್ಕೊಳ್ತಿದ್ನಲ್ಲ ಅಂದೆ. ನಿಮ್ಮನ್ನ ನೋಡಿದ್ರೇ ಭಯ ಮದರ್ ಅಂದ್ಲು.’ ಆಮೇಲೆ ಅವರಿಗೆ ಅಳು ತಡೆಯಲಾಗಲಿಲ್ಲ. ಅಗ್ನೇಸಮ್ಮ ಪಾತ್ರೆ ಕೆಳಗಿಟ್ಟು ಅವರನ್ನು ತಬ್ಬಿಕೊಂಡಳು. ಆ ಹುಡುಗಿ ಯಾರೆಂದು ಅತ್ತೆ ಹೇಳಲಿಲ್ಲ, ಇಂದಿಗೂ ನಮಗೆ ಗೊತ್ತಿಲ್ಲ.

ಆ ಮಧ್ಯಾಹ್ನ ಎಲ್ಲರ ನೀರೂ ಟ್ಯಾಂಕಿಗೆ ಬಿತ್ತು, ನಲ್ಲಿ ತಿರುಗಿಸಿ ಊರು ಕುಡಿಯಿತು. ಅತ್ತೆ ತಾವೇ ಒಂದು ಲೋಟ ಹಿಡಿದುಕೊಂಡು ಹೋಗಿ ತಿಪ್ಪೇಶಿಗೆ ಕುಡಿಸಿದರು. ಮಿಷನ್ ತುಳಿಯುತ್ತಿದ್ದ ನನ್ನ ಮೊಣಕಾಲ ಕೆಳಗೆ ಸಣ್ಣಗೆ ಉರಿ ಹತ್ತಿತು. ಬೀದಿಯಲ್ಲಿ ಹೋಗುವವರು ಒಂದು ಹೆಜ್ಜೆ ತಪ್ಪಿ ನಡೆದರು. ಹೊನ್ನಾಂಬ ಪುರಸಭೆಯ ಮೆಟ್ಟಿಲ ಮೇಲೆ ಕೂತು ಕಾಲು ಉಜ್ಜಿಕೊಳ್ಳುತ್ತಾ ನಗುತ್ತಿದ್ದರಂತೆ. ಆಸ್ಪತ್ರೆಯಿಂದ ಕಿರುಚಾಟ ಕೇಳಿಸಲಿಲ್ಲ. ತಿಪ್ಪೇಶಿ ಬಾಯಿ ತೆರೆದುಕೊಂಡು ಗೊರಕೆ ಹೊಡೆದನಂತೆ, ಸಿಸ್ಟರುಗಳು ಗುಂಪಾಗಿ ನಿಂತು ಅವನು ನಿದ್ದೆ ಮಾಡುವುದನ್ನು ನೋಡಿದರಂತೆ.

ಮೇತ್ರಾಣಿಗಳಿಂದ ಅತ್ತೆಗೆ ಕರೆ ಬರಲು ತಡವಾಗಲಿಲ್ಲ. ಸೇತುವೆಯಾಚೆ ಎಲ್ಲೋ ದೂರದ ಮಠದಲ್ಲಿ ಇರಬೇಕು, ಆಸ್ಪತ್ರೆ ಕೆಲಸ ಇನ್ನು ಬೇಡ ಎಂದು ಅಪ್ಪಣೆ. ವಿಧೇಯತೆಯ ವ್ರತ ಹಿಡಿದವರು, ಅತ್ತೆ ಎದುರಾಡಲಿಲ್ಲ. ಸ್ವಾಮಿಗಳೇ ಅವರ ಪೆಟ್ಟಿಗೆ ಹೊತ್ತು ಬಸ್ಸಿಗೆ ಏರಿಸಿದರು. ನಾವೆಲ್ಲ ಸೇತುವೆಯ ಈಚೆ ನಿಂತಿದ್ದೆವು. ಬಸ್ಸು ಆ ತುದಿ ಮುಟ್ಟಿದಾಗ ಕಿಟಕಿಯಲ್ಲಿ ಕಾಣುತ್ತಿದ್ದ ಅತ್ತೆ ತಟ್ಟನೆ ಮುಂದಕ್ಕೆ ಬಾಗಿದರು, ಒಂದು ಕೈ ಬೆನ್ನಿಗೆ ಹೋಯಿತು. ಅಷ್ಟೂ ವರ್ಷ ನಾವು ಹಂಚಿಕೊಂಡಿದ್ದ ಆ ನೋವು ಇಡಿಯಾಗಿ ಅವರ ಮೇಲೆ ಬಿದ್ದಿತ್ತು. ಇನ್ನೊಂದು ಕೈ ಎತ್ತಿ ನಮ್ಮ ಕಡೆ ಆಡಿಸಿದರು.

ಗಸ್ಪಾರ್ ಸ್ವಾಮಿಗಳು ತಮ್ಮ ಮಾತು ಬದಲಿಸಿಲ್ಲ. ಈಗಲೂ ಪ್ರಬೋಧನೆಯಲ್ಲಿ ಹಿಂದಿನ ಕೋಣೆಯ ವಿಷಯ ಎತ್ತುತ್ತಾರೆ, ಅದನ್ನು ಮುಚ್ಚಬೇಕು ಎನ್ನುತ್ತಾರೆ, ಹೇಳುವಾಗ ಮೊದಲಿನಂತೆಯೇ ಸಂಕಟಪಡುತ್ತಾರೆ. ಊರೇ ಒಂದು ಪಾಲಾದ ಮೇಲೆ ನೋವು ಸಣ್ಣದು, ಆದರೂ ಹೆರಿಗೆಯ ನೋವೆಂದು ಗೊತ್ತಾಗುತ್ತದೆ. ಗಂಟೆ ಹೊಡೆಯುತ್ತೇವೆ, ಅಗ್ನೇಸಮ್ಮ ಹಾಲು ಕಾಯಿಸುತ್ತಾಳೆ. ಅತ್ತೆ ಹೋದ ಮೇಲೆ ಮೊದಲ ಸಲ ಮನೆ ಸಿಗದಿದ್ದಾಗ ಅವಳು ಪಾತ್ರೆ ಹಿಡಿದು ಗವಿಯ ಕಡೆ ಹೊರಟಿದ್ದಳು. ಸ್ವಾಮಿಗಳು ಬಂಗಲೆಯಿಂದ ಇಳಿದು ಬಂದು, ‘ಇಲ್ಲಿ ಕೊಡಮ್ಮ, ಆರಿಹೋಗುತ್ತೆ’ ಎಂದು ಇಸಿದುಕೊಂಡು ಪುರಸಭೆ ಆಸ್ಪತ್ರೆಯ ರಸ್ತೆ ಹಿಡಿದರು. ಅಂದಿನಿಂದ ಅವರೇ ಒಯ್ಯುತ್ತಾರೆ. ಒಂದೆರಡು ಸಲ ಅವರು ಆ ಕೋಣೆಯ ಹೊರಗೇ ಯಾರೋ ಹುಡುಗಿಯನ್ನು ಕಂಡು, ಮಾತಾಡಿಸಿ, ಕಾನ್ವೆಂಟಿಗೆ ಕರೆತಂದದ್ದೂ ಉಂಟು.

ಸಂಜೆಯಾದರೆ ಮಾತ್ರ ಕಷ್ಟ. ದೀಪ ಹಾಕುವ ಹೊತ್ತಿಗೆ ಬೀದಿಯ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಾನು ಮಿಷನ್ನಿನ ಮುಚ್ಚಳ ಕೈಯಲ್ಲಿ ಹಿಡಿದುಕೊಂಡು ಕಾಯುತ್ತೇನೆ. ನಿನ್ನೆ ಸ್ವಾಮಿಗಳು ಗೇಟಿನ ಬಳಿ ಬಂದು, ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತರು.

‘ನಿನಗೇನಾದ್ರೂ ಗೊತ್ತಾಯ್ತಾ ಸಿಂಗ್ರಾಯ?’

‘ಇಲ್ಲ ಸ್ವಾಮಿ.’

‘ನನಗೂ ಇಲ್ಲ’ ಎಂದರು. ಕತ್ತಲಾಗುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದೆವು. ಸೇತುವೆಯಾಚೆ ಅತ್ತೆ ಆ ಹೊತ್ತಿಗೆ ಕೂತಿರಬೇಕು. ಅವರಿಗೆ ಎಷ್ಟು ನೋಯುತ್ತಿದೆಯೋ ನಮಗೆ ತಿಳಿಯುವುದಿಲ್ಲ.